ಕುಸ್ತಿ ಮೈದಾನದಲ್ಲಿ ಕಟ್ಟಿದ ಗಂಟಲು

ನಿಪ್ಪಾಣಿ ಕಡೆಯ ಒಂದು ಕುಸ್ತಿ ಮೈದಾನದಲ್ಲಿ ಪೈಲ್ವಾನನೊಬ್ಬನ ಭುಜ ಕಳಚಿತು. ಅದನ್ನು ಮೈಕಿನಲ್ಲಿ ಹೇಳಲು ಬಾಯಿ ತೆರೆದೆ, ನನ್ನ ದನಿ ಕಳಚಿತು. ಅವನನ್ನು ಕೆಮ್ಮಣ್ಣಿನ ಮೇಲೆ ಅಂಗಾತ ಮಲಗಿಸಿ, ಬಗಲಿಗೆ ಹಿಮ್ಮಡಿ ಕೊಟ್ಟು ಕೈ ಹಿಡಿದು ಎಳೆದರು. ಭುಜ ಕಟಕ್ಕನೆ ಕೂತಿತು, ಅವನು ಒಮ್ಮೆ ಚೀರಿ ಎದ್ದು ಹೋದ. ನನ್ನ ಗಂಟಲನ್ನು ಹಾಗೆ ಎಳೆದು ಕೂರಿಸುವವರು ಯಾರೂ ಇರಲಿಲ್ಲ. ಉಳಿದ ಜೋಡಿಗಳನ್ನು ಒಡಕು ದನಿಯಲ್ಲೇ ಹೇಗೋ ಕೂಗಿ ಮುಗಿಸಿದೆ.

ನಾನು ಕುಸ್ತಿಯ ಮೈಕಿನವ. ಯಾವ ಸಾಲೆಯಲ್ಲೂ ಕಲಿಸಿದವನಲ್ಲ, ಆದರೂ ಎಲ್ಲರೂ ಮಾಸ್ತರ ಅನ್ನುತ್ತಾರೆ. ಕಣದ ಪಕ್ಕ ಕಟ್ಟಿದ ಎತ್ತರದ ಮಂಚದ ಮೇಲೆ ನಿಂತು, ಯಾವ ಊರಿನ ಹುಡುಗ, ಯಾವ ತಾಲೀಮಿನಲ್ಲಿ ಬೆಳೆದವ, ಯಾವ ವಸ್ತಾದರ ಶಿಷ್ಯ ಎಂದು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳುವುದು ನನ್ನ ಕೆಲಸ. ಗರಡಿಗೆ ನಮ್ಮಲ್ಲಿ ತಾಲೀಮು ಅನ್ನುತ್ತಾರೆ, ಅದರ ಗುರುವಿಗೆ ವಸ್ತಾದ. ಹಿಡಿತ ಬಿದ್ದಾಗ ಅದರ ಹೆಸರು ಹೇಳಬೇಕು, ಬೆನ್ನು ಮಣ್ಣಿಗೆ ತಾಗಿದರೆ ಚಿತ್ ಎಂದು ಸಾರಬೇಕು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಸಾವಿರಾರು ಗಂಡಸರು ಸುತ್ತ ಕೂತು ಕೈ ಹಿಸುಕಿಕೊಳ್ಳುತ್ತಿರುತ್ತಾರೆ. ಅವರನ್ನು ಕೂತಲ್ಲೇ ಕೂರಿಸುವುದು ಪೊಲೀಸರ ಲಾಠಿಯಲ್ಲ, ಮೈಕಿನವನ ದನಿ.

ನನ್ನ ಪಕ್ಕದಲ್ಲಿ ಯಾವಾಗಲೂ ಹಲಗಿಯವನೊಬ್ಬ, ಅಂದರೆ ತಮಟೆ ಬಡಿಯುವವ, ಇರುತ್ತಾನೆ. ನನಗಿಂತ ದೊಡ್ಡವ, ಮಾವಾ ಎಂದು ಕರೆಯುತ್ತೇನೆ. ಹಲಗಿ ಬಾರಿಸದಿದ್ದರೆ ಪೈಲ್ವಾನರ ರಕ್ತ ಕಾಯುವುದಿಲ್ಲ. ನಾನು ಬೆರಳು ಕುಣಿಸಿದರೆ ಅವನ ಬಡಿತ ಏರುತ್ತದೆ, ಅಂಗೈ ಎತ್ತಿದರೆ ಥಟ್ಟನೆ ನಿಲ್ಲುತ್ತದೆ. ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲವಲ್ಲ, ಅದಕ್ಕೆ ನಾವಿಬ್ಬರೂ ಮಾಡಿಕೊಂಡ ಸಂಜ್ಞೆ ಅದು.

ಕೆಮ್ಮು ಬಂದದ್ದು ಧೂಳಿನಿಂದ. ಕಣದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಹಾಕಿ ಹದ ಮಾಡಿರುತ್ತಾರೆ, ಅದು ಹಾರುವುದಿಲ್ಲ. ಹಾರುವುದು ಸುತ್ತಲಿನ ಹೊಲದ ಮಣ್ಣು. ಜನ ಎದ್ದು ಕೂತು ಮಾಡಿದಂತೆಲ್ಲ ಅದು ಮಂಚದ ಎತ್ತರಕ್ಕೆ ಏರಿ ನೇರವಾಗಿ ನನ್ನ ಬಾಯಿಗೇ ಬರುತ್ತದೆ. ಅದರ ಮೇಲೆ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಸುಟ್ಟ ಹೊಗೆ, ಮುಂಜಾನೆಯ ಥಂಡಿಯಲ್ಲಿ ಊರಿಂದೂರಿಗೆ ಪ್ರಯಾಣ. ಮೊದಲು ಮೂಗು ಸೋರಿತು, ಆಮೇಲೆ ಗಂಟಲಲ್ಲಿ ಮುಳ್ಳು ಚುಚ್ಚಿತು, ಕೊನೆಗೆ ನಾಯಿಕೆಮ್ಮು.

ಮನೆಯಲ್ಲಿ ಮಲಗಿದವನಿಗೆ ಔಷಧ ಸುಲಭ. ದಿನಕ್ಕೊಂದು ಊರು ಸುತ್ತುವವನಿಗೆ ಊರಿಗೊಂದು ಔಷಧ. ಬೇಡಕಿಹಾಳದ ಹತ್ತಿರ ಗಾಣದ ಮನೆಯವ ಕೊಪ್ಪರಿಗೆಯಿಂದ ಬಿಸಿ ಬೆಲ್ಲ ತೆಗೆದು, ಒಣಶುಂಠಿ ಮೆಣಸು ಕುಟ್ಟಿ ಹಾಕಿ ನಾಲಿಗೆಯ ಮೇಲಿಟ್ಟ. ಶೀತಕ್ಕೇನೋ ಹಿತವಾಯಿತು, ನಾಲಿಗೆ ಬೊಬ್ಬೆ ಎದ್ದಿತು. ಸದಲಗಾದಲ್ಲಿ ಹಾಲಿನ ಡೇರಿಯವ ಅರಿಶಿನ ಹಾಕಿ ಕುದಿಸಿದ ಎಮ್ಮೆ ಹಾಲು ಕೊಟ್ಟ. ಕೆನೆ ಗಂಟಲಿಗೆ ಮೆತ್ತಿಕೊಂಡು ಕಫ ಇನ್ನೂ ಗಟ್ಟಿಯಾಯಿತು. ಚಿಕ್ಕೋಡಿಯಲ್ಲಿ ಕುಸ್ತಿ ಹುಚ್ಚಿನ ಒಬ್ಬ ಜೈನ ಅಡತಿ ವ್ಯಾಪಾರಿಯ ಮನೆಗೆ ಹೋದೆ. ಅವರಲ್ಲಿ ಹಸಿ ಶುಂಠಿ ಇಲ್ಲ, ಜೇನಂತೂ ಇಲ್ಲವೇ ಇಲ್ಲ. ಅವರ ತಾಯಿ ಒಣಶುಂಠಿ, ಲವಂಗ, ಜ್ಯೇಷ್ಠಮಧು ಹಾಕಿ ಕಷಾಯ ಕಾಸಿ, ‘ಹೊತ್ತ ಮುಣಗೂದ್ರೊಳಗ ಕುಡಿಯಪ್ಪಾ’ ಎಂದು ಎದುರಿಗೇ ಕೂತು ಕುಡಿಸಿದರು. ಕುಡಚಿಯಲ್ಲಿ ಚಹಾದಂಗಡಿಯ ಸಾಬರು ತಮ್ಮ ಮನೆಯಿಂದ ಜೋಶಾಂದಾ ತರಿಸಿ ಕೊಟ್ಟರು. ಅದು ಯುನಾನಿ ಕಷಾಯ, ಕಹಿಯೆಂದರೆ ಕಹಿ. ನಾನು ಯಾವುದನ್ನೂ ಬೇಡ ಅನ್ನಲಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವ ಬಾಯಿ ನನಗೆ ದೇವರು ಕೊಟ್ಟಿಲ್ಲ, ಅದೇ ನನ್ನ ರೋಗ.

ಉಪ್ಪುನೀರು ಮುಕ್ಕಳಿಸುವುದೊಂದೇ ನಿಜವಾಗಿ ಹಿಡಿಸಿತು. ಆದರೆ ಪ್ರಯಾಣದಲ್ಲಿ ಮುಕ್ಕಳಿಸಿದ್ದನ್ನು ಉಗುಳುವುದೆಲ್ಲಿ? ರಾಯಬಾಗದ ಬಸ್ಸಿನಲ್ಲಿ ಕಿಟಕಿಗೆ ಕೂತು, ಥರ್ಮಾಸಿನ ಬಿಸಿನೀರಿಗೆ ಉಪ್ಪು ಕಲಸಿ, ತಲೆ ಮೇಲೆತ್ತಿ ಗಳಗಳ ಅನ್ನಿಸಿ ಹೊರಗೆ ಉಗಿದೆ. ಪಕ್ಕದಲ್ಲೇ ಮೋಟಾರ್‌ಸೈಕಲ್ಲಿನವನೊಬ್ಬ ಬರುತ್ತಿದ್ದ. ಅವನು ಬಸ್ಸಿನ ಮುಂದೆ ಗಾಡಿ ಅಡ್ಡ ಹಾಕಿದ.

“ಯಾಂವಲೇ ಅಂವಾ? ಕೆಳಗ ಇಳಿ!”

ನಾನು ಇಳಿದು ಕೈ ಮುಗಿದೆ. ತಪ್ಪಾಯಿತು ಎನ್ನಲು ದನಿ ಇಲ್ಲ. ಬಾಯಿ ಅಲುಗುತ್ತಿದೆ, ಮಾತು ಹೊರಡುತ್ತಿಲ್ಲ.

“ಉಗುಳಿ ಮ್ಯಾಲ ನಂಗ ಅಣಕಸ್ತಿ ಏನಲೇ?” ಎಂದವನೇ ಕಪಾಳಕ್ಕೆ ಬಾರಿಸಿದ. ಕಿವಿಯಲ್ಲಿ ಗುಂಯ್ ಎಂದಿತು. ಎರಡನೆಯದು ಬೀಳುವ ಮುಂಚೆ ಹಲಗಿಯ ಮಾವ ನಡುವೆ ಬಂದು, “ಏ ತಮ್ಮಾ, ಅಂವಗ ಗಂಟಲ ಕಟ್ಟೈತೋ! ಮಾತಾಡಾಕ ಬರೂದಿಲ್ಲ” ಎಂದು ಅವನ ಮುಖ ಒರೆಸಿದ. ಮೋಟಾರ್‌ಸೈಕಲ್ಲಿನವ ನನ್ನನ್ನು ಮೇಲೆ ಕೆಳಗೆ ನೋಡಿ ಗುರುತು ಹಿಡಿದ. “ಅಯ್ಯ, ನೀವು ಕುಸ್ತಿ ಮಾಸ್ತರಲ್ರಿ!” ಎಂದು ಕಿಸೆಯಿಂದ ಕೆಮ್ಮಿನ ಗುಳಿಗೆ ತೆಗೆದು ಕೈಗಿಟ್ಟ. ಹೊಡೆತವೂ ಅವನದೇ, ಔಷಧವೂ ಅವನದೇ. ಅದನ್ನೂ ಬಾಯಿಗೆ ಹಾಕಿಕೊಂಡೆ.

ಅದೇ ದಿನ ರಾಯಬಾಗದ ಮೈದಾನದಲ್ಲಿ ದನಿ ಇಲ್ಲದ ಮೈಕಿನವ ಎಷ್ಟು ಬಡವ ಎಂಬುದು ತಿಳಿಯಿತು. ಒಂದು ಜೋಡಿಯಲ್ಲಿ ಬೆನ್ನು ತಾಗಿತೋ ಇಲ್ಲವೋ ಎಂದು ತಕರಾರು ಬಂತು. ಪಂಚರು, ಅಂದರೆ ಕಣದೊಳಗೆ ನಿಂತು ತೀರ್ಪು ಹೇಳುವವರು, ತಾಗಿತು ಎಂದರು. ಒಂದು ಕಡೆಯ ಜನ ಎದ್ದರು. ಅಂಥ ಹೊತ್ತಿನಲ್ಲಿ ನಾನು ಗದರಿಸಬೇಕು, ಆಮೇಲೆ ಒಂದು ಚೇಷ್ಟೆ ಮಾಡಿ ನಗಿಸಬೇಕು. ನಕ್ಕ ಮನುಷ್ಯ ಕಲ್ಲು ಎತ್ತುವುದಿಲ್ಲ. ಬಾಯಿ ತೆರೆದರೆ ಬಂದದ್ದು ಕೆಮ್ಮು. ಲೌಡ್‌ಸ್ಪೀಕರಿನಲ್ಲಿ ಅದು ಕತ್ತೆ ಅರಚಿದಂತೆ ಕೇಳಿತು, ಜನ ಇನ್ನಷ್ಟು ಕೆರಳಿದರು. ಕುರ್ಚಿಗಳು ಹಾರಿದವು. ಪಂಚರ ಹಣೆಗೆ ಒಂದು ಕಲ್ಲು ಬಿದ್ದು, ರಕ್ತ ಹುಬ್ಬಿನ ಮೇಲಿಂದ ಇಳಿದು ಬಿಳಿ ಅಂಗಿ ತೊಯ್ದಿತು. ಅವರು ಹಣೆ ಒತ್ತಿಕೊಂಡು ಮಂಚದ ಕಡೆಗೆ, ನನ್ನ ಕಡೆಗೆ ನೋಡಿದರು. ಆ ನೋಟ ನನಗೆ ಕಪಾಳದ ಏಟಿಗಿಂತ ಹೆಚ್ಚು ನೋವು ಕೊಟ್ಟಿತು.

ಗಲಾಟೆ ತಣ್ಣಗಾದ ಮೇಲೆ ಕಾಗವಾಡ ಕಡೆಯ ಹಿರಿಯ ವಸ್ತಾದರು ನನ್ನನ್ನು ಕರೆದರು. ಮುದಿ ಹುಲಿಯಂಥ ಮನುಷ್ಯ. ಎರಡೂ ಕಿವಿ ಕುಸ್ತಿಯಲ್ಲಿ ಜಜ್ಜಿ ಹೋಗಿವೆ, ಕುತ್ತಿಗೆ ಯಾವುದು ಭುಜ ಯಾವುದು ಗೊತ್ತಾಗುವುದಿಲ್ಲ. ಅವರ ಹಿತ್ತಾಳೆ ತಂಬಿಗೆ ಈ ಸೀಮೆಗೆಲ್ಲ ಗೊತ್ತು. ಶಿಷ್ಯರು ಗೆದ್ದು ಬರಲಿ ಸೋತು ಬರಲಿ, ಕಣದಿಂದ ಹೊರಗೆ ಬಂದ ಕೂಡಲೇ ಮೊದಲ ಗುಟುಕು ಅವರ ಕೈಯಿಂದ, ಆ ತಂಬಿಗೆಯಿಂದ. ಒಳಗೆ ಥಂಡಾಯಿ: ಬಾದಾಮಿ, ಗಸಗಸೆ, ಕಲ್ಲಂಗಡಿ ಬೀಜ ಅರೆದು ಹಾಲಿಗೆ ಹಾಕಿ, ಬರ್ಫದಲ್ಲಿಟ್ಟು ಕೊರೆಯುವಷ್ಟು ತಣ್ಣಗೆ ಮಾಡಿದ್ದು.

“ಯಾಕೋ ಮಾಸ್ತರ, ಗಂಟಲ ಹೋಗೇತಂತ? ಉಷ್ಣ ಆಗೈತಿ ನಿಂಗ. ತಗೋ, ಇದನ್ನ ಹೊಡಿ.”

ಥಂಡಿಯಿಂದ ಬಾತ ಗಂಟಲಿಗೆ ಬರ್ಫದ ಥಂಡಾಯಿ! ಆದರೆ ವಸ್ತಾದರು ತಮ್ಮ ತಂಬಿಗೆ ಮುಂದೆ ಮಾಡಿದಾಗ ಬೇಡ ಎಂದವನನ್ನು ನಾನು ಈ ತನಕ ಕಂಡಿಲ್ಲ. ಸುತ್ತ ಅವರ ಶಿಷ್ಯರು ನಿಂತು ನೋಡುತ್ತಿದ್ದರು. ಎತ್ತಿ ಗಟಗಟ ಕುಡಿದೆ. ಮೂರನೆಯ ಗುಟುಕು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯಿತು. ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ. ನೆಲಕ್ಕೆ ಬಿದ್ದು ಮಣ್ಣು ಕೆರೆದೆ, ಕಣ್ಣು ಕತ್ತಲಿಟ್ಟಿತು. ಮಾವ ನನ್ನನ್ನು ಬೋರಲು ಮಾಡಿ, ಬೆನ್ನಿಗೆ ಹಲಗಿ ಬಡಿದ ಹಾಗೆ ಬಡಿದ. ಮೂಗಿನಿಂದ ಬಾದಾಮಿ ಹಾಲು ಬಂದಾಗ ಶಿಷ್ಯರೆಲ್ಲ ನಕ್ಕರು. ವಸ್ತಾದರೂ ನಕ್ಕರು. ನಾನು ಸತ್ತು ಬದುಕಿದ್ದು ಅವರಾರಿಗೂ ತಿಳಿಯಲಿಲ್ಲ.

ಮಾವ ನನ್ನನ್ನು ಅಲ್ಲಿಂದ ನೇರ ಕಿವಿ-ಮೂಗು-ಗಂಟಲಿನ ಡಾಕ್ಟರರ ಹತ್ತಿರ ಒಯ್ದ. ಡಾಕ್ಟರು ಸಣ್ಣ ಕನ್ನಡಿಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ, ನಾಲಿಗೆ ಹೊರಗೆಳೆದು ಗಂಟಲೊಳಗೆ ಇಳಿಸಿ ನೋಡಿದರು.

“ದನಿ ಪಟ್ಟಿ ಎರಡೂ ಬಾತು ಕೆಂಡ ಆಗ್ಯಾವು. ಏನೇನ್ ತಗೊಂಡ್ರಿ?”

ಮಾವ ಬೆಲ್ಲದಿಂದ ಹಿಡಿದು ಥಂಡಾಯಿಯವರೆಗೆ ಹೇಳಿದ. ಡಾಕ್ಟರು ಕೈ ತೊಳೆದುಕೊಂಡು ಕೂತರು.

“ಕಷಾಯ ಕುಡೀರಿ, ಉಪ್ಪನೀರ ಮುಕ್ಕಳಸ್ರಿ, ಹಬೆ ತಗೋರಿ, ನಂದೇನೂ ಅಡ್ಡಿ ಇಲ್ಲ. ಆದ್ರ ಮಾತ ಬಂದ್ ಮಾಡ್ರಿ. ಪಿಸುಮಾತೂ ಬ್ಯಾಡ, ಅದಕ್ಕ ಇನ್ನೂ ಜಾಸ್ತಿ ತ್ರಾಸ ಆಗತೈತಿ. ಇನ್ನೊಂದ್ ಮಾತ ನೆಪ್ಪಿಡ್ರಿ. ಗಂಟಲ ಬಾತಾಗ ಉಸಿರಿನ ದಾರಿ ಮ್ಯಾಲಿನ ಮುಚ್ಚಳ ಸರಿ ಬೀಳೂದಿಲ್ಲ. ಗಡಬಡಿಸಿ ಸುರಿದ್ರ ಹಾಲೂ ವಿಷಾನ. ಇವತ್ತ ನಿಮ್ಮ ನಶೀಬ ಚೊಲೋ ಇತ್ತು.”

ಮುಂದಿನ ದೊಡ್ಡ ಮೈದಾನ ಅಥಣಿ ಕಡೆ. ಬಿಡುವ ಹಾಗಿಲ್ಲ, ಸೀಜನ್ನಿನಲ್ಲಿ ಒಮ್ಮೆ ಮಂಚ ಬಿಟ್ಟರೆ ಬೇರೆಯವನು ಏರಿ ಕೂರುತ್ತಾನೆ. ಹೋಗುವ ದಾರಿಯಲ್ಲಿ ನಾನೊಂದು ನಿರ್ಧಾರ ಮಾಡಿದೆ. ಇಡೀ ದಿನ ತುಟಿ ಬಿಚ್ಚುವುದಿಲ್ಲ. ಸಣ್ಣ ಜೋಡಿಗಳ ಹೆಸರನ್ನು ಮಾವ ಕೂಗಲಿ, ನಾನು ಕೈಯಲ್ಲೇ ಕಣ ನಡೆಸುತ್ತೇನೆ. ಇರುವಷ್ಟು ದನಿಯನ್ನು ಕೊನೆಯ ಒಂದನೇ ನಂಬರಿನ ಕುಸ್ತಿಗೆ ಉಳಿಸಿಕೊಳ್ಳುತ್ತೇನೆ. ಗಲಾಟೆ ಆಗುವುದಿದ್ದರೆ ಅದರಲ್ಲೇ ಆಗುತ್ತದೆ.

ಇದನ್ನು ಕಮಿಟಿಯ ಮುಖ್ಯರಿಗೆ ಮಾವ ತಿಳಿಸಿ ಹೇಳಿದ. ಅವರು ಉರಿದುಬಿದ್ದರು.

“ಅಲ್ಲೋ, ಮೂಕ ಬಸವಣ್ಣನ್ನ ತಂದ ಮಂಚದ ಮ್ಯಾಲ ಕುಂಡ್ರಸೂದಿದ್ರ ಮಾಸ್ತರ ಯಾಕ ಬೇಕಿತ್ತೋ ನಮಗ?”

ನಾನು ಕೈ ಮುಗಿದು ಗಂಟಲು ತೋರಿಸಿದೆ. ಅವರೂ ಬಿಡಲಿಲ್ಲ, ಬೈಯುತ್ತಲೇ ವೀಳ್ಯದೆಲೆಯಲ್ಲಿ ಅಜವಾನ ಸುತ್ತಿ, “ಇದನ್ನರ ಅಗಿ” ಎಂದು ಬಾಯಿಗೆ ತುರುಕಿದರು. ಸೊಂಟಕ್ಕೆ ಥರ್ಮಾಸು ಕಟ್ಟಿಕೊಂಡು ಮಂಚ ಏರಿದೆ.

ಆ ಸಂಜೆಯತನಕ ಮಾವ ಚೆನ್ನಾಗಿಯೇ ಕೂಗಿದ. ನಾನು ಬೆರಳು, ಅಂಗೈ, ಹುಬ್ಬುಗಳಲ್ಲೇ ಮೈದಾನ ನಡೆಸಿದೆ. ನಡುನಡುವೆ ಒಂದೊಂದು ಗುಟುಕು ಬಿಸಿನೀರು. ಒಬ್ಬನ ಮೂಗು ಒಡೆಯಿತು, ಇನ್ನೊಬ್ಬನ ಕಿವಿ ಹರಿಯಿತು, ಚಟಪಟ ಕುಸ್ತಿಗಳು ಒಂದರ ಹಿಂದೊಂದು ಮುಗಿದವು. ಹೊತ್ತು ಇಳಿಯುವಾಗ ಒಂದನೇ ನಂಬರಿನ ಜೋಡಿ ಕಣಕ್ಕೆ ಇಳಿಯಿತು. ಒಬ್ಬ ಕಾಗವಾಡದ ಆ ವಸ್ತಾದರ ಅಚ್ಚುಮೆಚ್ಚಿನ ಶಿಷ್ಯ, ಇನ್ನೊಬ್ಬ ರಾಯಬಾಗ ಕಡೆಯ ಗಟ್ಟಿ ಆಸಾಮಿ. ಇಬ್ಬರ ಹೆಸರನ್ನೂ ನಾನೇ ಕೂಗಿದೆ. ಉಳಿಸಿಟ್ಟ ದನಿ ಬಂತು, ಜನ ಸೀಟಿ ಹೊಡೆದರು. ಹಿಗ್ಗಿ ಹೋದೆ. ಆ ಹಿಗ್ಗಿನಲ್ಲಿ ವಂಶಾವಳಿಯೆಲ್ಲ ಹೇಳಿ, ಮರಾಠಿಯಲ್ಲಿ ಒಂದು ಪಲ್ಲವಿಯನ್ನೂ ಎಳೆದೆ. ದನಿ ಅಲ್ಲೇ ಮುಗಿದುಹೋದದ್ದು ನನಗೆ ಗೊತ್ತಾಗಲಿಲ್ಲ.

ಕುಸ್ತಿ ಶುರುವಾಯಿತು. ಇಬ್ಬರೂ ಹಣೆಗೆ ಹಣೆ ಕೊಟ್ಟು ಟಗರಿನ ಹಾಗೆ ಗುದ್ದಾಡಿದರು. ಕುತ್ತಿಗೆಯ ಮೇಲೆ ಬೀಳುವ ಅಂಗೈ ಏಟಿನ ಸಪ್ಪಳ ಮಂಚದ ತನಕ ಕೇಳುತ್ತಿತ್ತು. ಕಾಗವಾಡದವ ಕಾಲಿಗೆ ನುಗ್ಗಿದ. ರಾಯಬಾಗದವ ಅದನ್ನೇ ಕಾಯುತ್ತಿದ್ದವನಂತೆ ಮೇಲಿನಿಂದ ಅವನ ತಲೆಯನ್ನು ಬಗಲಿನಲ್ಲಿ ಅಮುಕಿ, ಮುಂಗೈ ಎಲುಬನ್ನು ಗಂಟಲ ಕೆಳಗೆ ಸೇರಿಸಿ ಮೇಲಕ್ಕೆತ್ತಿದ. ಕುತ್ತಿಗೆ ಹಿಡಿಯಬಹುದು, ಗಂಟಲು ಒತ್ತಬಾರದು. ಆದರೆ ಪಂಚರು ನಿಂತದ್ದು ಆಚೆ ಕಡೆ, ಅವರಿಗೆ ಕಾಣುತ್ತಿದ್ದದ್ದು ಅಗಲ ಬೆನ್ನು ಮಾತ್ರ. ಮುಖ ನನ್ನ ಕಡೆಗಿತ್ತು.

ಮುಖ ಕೆಂಪಾಯಿತು. ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿತು. ನಾಲಿಗೆ ಹೊರಗೆ ಬಂತು. ಸಾಕು ಎಂದು ಅವನೊಮ್ಮೆ ನೆಲ ಬಡಿದಿದ್ದರೆ ಮುಗಿಯುತ್ತಿತ್ತು, ಆದರೆ ಆ ತಾಲೀಮಿನ ಹುಡುಗರು ನೆಲ ಬಡಿಯುವುದಿಲ್ಲ, ಅವರಿಗೆ ಅದನ್ನು ಕಲಿಸಿಯೇ ಇಲ್ಲ. ಮೊದಲು ಮಣ್ಣು ಕೆರೆಯುತ್ತಿದ್ದ ಅವನ ಕಾಲು ಈಗ ಸುಮ್ಮನೆ ಜೋತು ಬಿದ್ದಿತ್ತು. ಜನ ಹುಚ್ಚೆದ್ದು ಕೂಗುತ್ತಿದ್ದರು, ಹಲಗಿ ಸಿಡಿಯುತ್ತಿತ್ತು. ಮೈಕಿಗೆ ಬಾಯಿ ಹಚ್ಚಿ ‘ಬಿಡೋ!’ ಎಂದೆ. ಬರೀ ಗಾಳಿ ಬಂತು. ಮತ್ತೆ ಕೂಗಿದೆ. ಲೌಡ್‌ಸ್ಪೀಕರಿನಲ್ಲಿ ಬುಸ್ ಎಂದಿತು, ಅಷ್ಟೇ. ಜನರ ಕೂಗಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಕಣ್ಣೆದುರಿಗೆ ಒಬ್ಬ ಸಾಯುತ್ತಿದ್ದಾನೆ, ನನ್ನ ಒಂದು ಮಾತಿಗೆ ನಿಲ್ಲುವ ಮೈದಾನ, ಆ ಒಂದು ಮಾತೇ ನನ್ನ ಹತ್ತಿರ ಇಲ್ಲ. ಗಂಟಲನ್ನು ಕಿತ್ತೆಸೆಯಬೇಕು ಅನ್ನಿಸಿತು.

ಆಗ ಅಂಗೈ ಎತ್ತಿದೆ.

ಹಲಗಿ ನಿಂತಿತು. ಒಂದನೇ ನಂಬರಿನ ಕುಸ್ತಿಯ ನಡುವೆ ಹಲಗಿ ನಿಲ್ಲುವುದು ಎಂದೂ ಇಲ್ಲ. ಬಡಿತದ ಮೇಲೆ ಏರಿ ಕೂತಿದ್ದ ಜನರ ಕೂಗು ಒಮ್ಮೆಲೇ ಕಾಲು ಜಾರಿದಂತೆ ಅರ್ಧಕ್ಕೇ ನಿಂತಿತು. ಪಂಚರು ಬೆಚ್ಚಿ ಮಂಚದ ಕಡೆ ತಿರುಗಿದರು. ನಾನು ಎರಡೂ ಕೈಗಳಿಂದ ನನ್ನ ಗಂಟಲನ್ನೇ ಹಿಸುಕಿಕೊಂಡು ತೋರಿಸಿದೆ. ಅವರು ಓಡಿ ಬಂದು ಬಗ್ಗಿ ನೋಡಿದವರೇ ರಾಯಬಾಗದವನ ಕೈ ಬಿಡಿಸಿದರು. ಕಾಗವಾಡದ ಹುಡುಗ ಮೂಟೆಯ ಹಾಗೆ ಬಿದ್ದ.

ಮಂಚದಿಂದ ಜಿಗಿದೆ. ಅಷ್ಟರಲ್ಲಿ ರಾಯಬಾಗದ ಕಡೆಯವರು ಎದ್ದಿದ್ದರು. ಗೆಲ್ಲುತ್ತಿದ್ದ ಕುಸ್ತಿ ನಿಲ್ಲಿಸಿದ್ದಕ್ಕೆ ಅವರಿಗೆ ಬೆಂಕಿ. “ಮಾಸ್ತರ್ನ ಹಿಡೀರ್ಲೇ! ಕಾಗವಾಡದವ್ರಿಗೆ ಮಾರಕೊಂಡಾನ!” ಚಪ್ಪಲಿ ಬಂದವು, ನೀರಿನ ಬಾಟಲಿ ಬಂದವು, ಆಮೇಲೆ ಹೆಂಟೆ, ಆಮೇಲೆ ಕಲ್ಲು. ಒಂದು ಬೆನ್ನಿಗೆ, ಒಂದು ಮೊಣಕೈಗೆ ಬಿತ್ತು. ಬಗ್ಗಿಕೊಂಡೇ ಕಣ ಸೇರಿದೆ. ಹುಡುಗನಿಗೆ ಉಸಿರು ಮರಳಿತ್ತು. ಆದರೆ ಪ್ರತಿ ಉಸಿರಿಗೂ ಕೀರ್ ಎಂದು ಸಪ್ಪಳ, ತುಟಿಯ ಅಂಚಿನಲ್ಲಿ ಕೆಂಪು ನೊರೆ. ಕಣ್ಣು ಅರ್ಧ ತೆರೆದಿದ್ದರೂ ಅರಿವು ಇರಲಿಲ್ಲ.

ವಸ್ತಾದರು ಬಂದರು. ಮಂಡಿಯೂರಿ ಶಿಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬಲಗೈಯಲ್ಲಿ ತಂಬಿಗೆ.

“ಏನ್ ಆಗೂದಿಲ್ಲ ಮಗನ. ಬಾಯಿ ತಗಿ. ಎರಡ್ ಗುಟಕ ಹೊಟ್ಟಿಗೆ ಹೋತಂದ್ರ ಎದ್ದ ಕುಂಡರ್ತಿ.”

ಹೆಬ್ಬೆರಳಿನಿಂದ ಅವನ ಗಲ್ಲ ಒತ್ತಿ ಬಾಯಿ ತೆರೆಸಿದರು. ತಂಬಿಗೆ ಓರೆಯಾಯಿತು. ನನ್ನ ಮೂಗಿನಲ್ಲಿ ಬಾದಾಮಿ ಹಾಲಿನ ಆ ಉರಿ ಮತ್ತೆ ಎದ್ದಿತು. ಬೇಡ ಎನ್ನಲು ನನ್ನಲ್ಲಿ ಮಾತಿಲ್ಲ. ವಸ್ತಾದರ ರಟ್ಟೆ ಹಿಡಿದೆ, ಅವರು ಝಾಡಿಸಿದರು. ಹಾಲಿನ ಮೊದಲ ಎಳೆ ಹುಡುಗನ ತುಟಿಗೆ ಬಂದೇ ಬಿಟ್ಟಿತ್ತು. ಕಾಲೆತ್ತಿ ತಂಬಿಗೆಗೆ ಒದ್ದೆ. ಅದು ಟಣ್ ಎಂದು ಕಣದ ಅಂಚಿನ ಕಲ್ಲಿಗೆ ಬಡಿದು ಉರುಳಿತು. ಥಂಡಾಯಿ ಕೆಮ್ಮಣ್ಣಿನಲ್ಲಿ ಹರಿದುಹೋಯಿತು.

ವಸ್ತಾದರ ತಂಬಿಗೆಗೆ ಕಾಲು! ಒಂದು ಕ್ಷಣ ಅವರ ಶಿಷ್ಯರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಆಮೇಲೆ ಎಲ್ಲರೂ ಕೂಡಿ ನನ್ನ ಮೇಲೆ ಬಿದ್ದರು. ದಿನಾ ಸಾವಿರ ದಂಡ ಹೊಡೆಯುವ ತೋಳುಗಳು ಅವು. ಮೊದಲ ಗುದ್ದಿಗೆ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು, ಎರಡನೆಯದಕ್ಕೆ ಪಕ್ಕೆಯಲ್ಲಿ ಏನೋ ಮುರಿದಂತಾಯಿತು. ಕೆಳಗೆ ಬಿದ್ದ ಮೇಲೆ ಒದೆತಗಳಿಗೆ ಲೆಕ್ಕ ಇಡಲಿಲ್ಲ. ಆಚೆಯಿಂದ ರಾಯಬಾಗದವರೂ ಬಂದು ಸೇರಿಕೊಂಡರು. ಅವತ್ತು ಎರಡೂ ಕಡೆಯವರು ಒಮ್ಮತಕ್ಕೆ ಬಂದದ್ದು ನನ್ನನ್ನು ಹೊಡೆಯುವುದರಲ್ಲಿ ಮಾತ್ರ. ಮನುಷ್ಯ ಹೊಡೆಸಿಕೊಳ್ಳುವಾಗ ಅಯ್ಯೋ ಅನ್ನುತ್ತಾನೆ, ಅದರಿಂದ ಹೊಡೆಯುವವನ ಕೈ ಸ್ವಲ್ಪ ಸಡಿಲಾಗುತ್ತದೆ. ನನ್ನಿಂದ ಅದೂ ಹೊರಡಲಿಲ್ಲ. ಎಷ್ಟು ಸೊಕ್ಕು ನೋಡು ಎಂದು ಮತ್ತೆರಡು ಹಾಕಿದರು.

ಮಾವ ನನ್ನ ಮೇಲೆ ಅಡ್ಡ ಬಿದ್ದ. ಅವನ ಹಲಗಿಯ ಚರ್ಮವನ್ನು ಯಾರೋ ತುಳಿದು ಹರಿದರು. ಅವನು ಕೂಗುತ್ತಿದ್ದ: “ಯಪ್ಪಾ, ಕುಡಸಿದ್ರ ಸಾಯತಾನ್ರೋ! ಇಂವಾ ರಾಯಬಾಗದಾಗ ಸಾಯಾಕ ಬಿದ್ದಿದ್ದ, ಇದ ತಂಬಿಗಿ ಹಾಲಿಗೆ! ಡಾಕ್ಟರ್ ಹೇಳ್ಯಾರ್ರೋ!”

ಅವನ ಮಾತು ಯಾರಿಗೆ ಕೇಳಿತೋ ಗೊತ್ತಿಲ್ಲ. ಗುದ್ದು ನಿಲ್ಲಿಸಿದ್ದು ಆ ಹುಡುಗನೇ. ತುಟಿಯ ಮೇಲೆ ಬಿದ್ದಿದ್ದ ನಾಲ್ಕು ಹನಿ ಹಾಲು ಗಂಟಲಿಗೆ ಇಳಿದಿತ್ತೇನೋ, ಒಮ್ಮೆಲೇ ಅವನ ಮೈ ಬಿಲ್ಲಿನಂತೆ ಸೆಟೆಯಿತು. ಉಸಿರು ಸಿಕ್ಕಿಕೊಂಡು, ಗೊರ ಗೊರ ಎಂದು, ರಕ್ತ ಬೆರೆತ ಹಾಲು ಮೂಗಿನಿಂದ ಚಿಮ್ಮಿ ವಸ್ತಾದರ ಬಿಳಿ ಅಂಗಿಯ ಮೇಲೆ ಬಿತ್ತು. ನಾಲ್ಕೇ ಹನಿಗೆ ಇಷ್ಟು. ವಸ್ತಾದರು ಅಂಗಿ ನೋಡಿಕೊಂಡರು, ಉರುಳಿ ಬಿದ್ದ ತಂಬಿಗೆ ನೋಡಿದರು, ನನ್ನನ್ನು ನೋಡಿದರು.

“ಬಿಡ್ರಲೇ ಅಂವನ್ನ” ಎಂದರು. “ಜೀಪ್ ತರ್ರಿ.”

ಜೀಪಿನಲ್ಲಿ ಹುಡುಗನನ್ನು ಒಂದು ಮಗ್ಗುಲಿಗೆ ಮಲಗಿಸಿ ತಲೆಯನ್ನು ನಾನೇ ಹಿಡಿದೆ. ಗಾಡಿ ಹೊರಡುವ ಮೊದಲು ಜನ ಕಿಟಕಿಗೆ ಮುತ್ತಿದರು. ಹೊಡೆದ ಕೈಗಳೇ ಈಗ ಔಷಧ ಹಿಡಿದು ಬಂದಿದ್ದವು. ಒಬ್ಬ ಅರಿಶಿನದ ಹಾಲು ಎಂದ, ಒಬ್ಬ ಬೆಚ್ಚಗಿನ ತುಪ್ಪ ಎಂದ, ಇನ್ನೊಬ್ಬ ನಿಂಬೆ ಸಕ್ಕರೆಯ ನೀರನ್ನು ಒಳಗೆ ಚಾಚಿಯೇ ಬಿಟ್ಟ. ಜೀವಮಾನವಿಡೀ ಯಾವ ಔಷಧಕ್ಕೂ ಬೇಡ ಅನ್ನದವನು ನಾನು. ಹುಡುಗನ ತುಟಿಗೆ ಅಡ್ಡವಾಗಿ ಅಂಗೈ ಹಿಡಿದು, ಬಂದ ಕೈಗಳನ್ನೆಲ್ಲ ಇನ್ನೊಂದು ಕೈಯಿಂದ ತಳ್ಳಿದೆ. ನನ್ನ ಬಾಯಿಯ ರಕ್ತ ಅವನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ದಾರಿಯುದ್ದಕ್ಕೂ ವಸ್ತಾದರು ಎದುರಿಗೆ ಕೂತಿದ್ದರು. ತಂಬಿಗೆ ಅವರ ಮಡಿಲಲ್ಲಿತ್ತು, ಕಲ್ಲಿಗೆ ಬಡಿದ ಕಡೆ ನೆಗ್ಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ಅದನ್ನು. “ಬಿದ್ದ ಮ್ಯಾಲ ಯಾರರ ಏನರ ಕುಡಿಸೀರೇನ್ರಿ?”

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ವಸ್ತಾದರು ಮುಂದೆ ಬಂದರು.

“ಕುಡಸಾಕತ್ತಿದ್ದೆ, ಡಾಕ್ಟರ್ ಬಾಯಾರ. ನಾನ ಕುಡಸಾಕತ್ತಿದ್ದೆ. ಇಂವಾ ಬಿಡಲಿಲ್ಲ.”

“ಚೊಲೋ ಮಾಡ್ಯಾರ. ಕುಡಿಸಿದ್ದಿದ್ರ ಇಲ್ಲಿತನಾ ಬರತಿದ್ದಿಲ್ಲ” ಎಂದು ಆಕೆ ಒಳಗೆ ಹೋದರು.

ಹುಡುಗನ ಮೂಗಿನಿಂದ ಸಣ್ಣ ಕ್ಯಾಮೆರಾ ನಳಿಗೆ ಇಳಿಸಿ ನೋಡಿದರು. ಗಂಟಲಿನ ಮೆತ್ತನೆಯ ಎಲುಬು ಬಿರುಕು ಬಿಟ್ಟಿತ್ತು, ಒಳಗೆಲ್ಲ ಬಾವು. ಬಾಯಿಂದ ಒಂದು ಹನಿಯನ್ನೂ ಕೊಡಬಾರದು, ಉಸಿರು ಕಟ್ಟಿದರೆ ಗಂಟಲು ಕೊಯ್ದು ನಳಿಗೆ ಹಾಕಬೇಕಾಗುತ್ತದೆ ಎಂದರು. ನನ್ನ ತುಟಿಗೆ ಹೊಲಿಗೆ ಹಾಕಿ, ಪಕ್ಕೆಗೆ ಪಟ್ಟಿ ಸುತ್ತಿ, ಅವನ ಪಕ್ಕದ ಹಾಸಿಗೆಯಲ್ಲೇ ಮಲಗಿಸಿದರು. ಮಾತು ಬಾರದವರಿಬ್ಬರು ಅಕ್ಕಪಕ್ಕ. ಅವನ ಉಸಿರಿನ ಕೀರ್ ಸಪ್ಪಳವನ್ನೇ ಕೇಳುತ್ತ ಬಿದ್ದಿರುತ್ತಿದ್ದೆ. ಅದು ನಿಂತಾಗಲೆಲ್ಲ ಮೊಣಕೈ ಊರಿ ಎದ್ದು ಅವನ ಕಡೆ ನೋಡುತ್ತಿದ್ದೆ. ನನ್ನನ್ನು ಒದ್ದ ಶಿಷ್ಯರು ಸರದಿಯ ಮೇಲೆ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಒಬ್ಬನೂ ಒಳಗೆ ಬಂದು ಮುಖ ಕೊಡಲಿಲ್ಲ. ನನಗೂ ಅವರ ಮೇಲೆ ಸಿಟ್ಟು ಇಳಿದಿರಲಿಲ್ಲ, ಇಳಿದಿದೆ ಎಂದು ಈಗಲೂ ಹೇಳಲಾರೆ.

ವಸ್ತಾದರು ಮಾತ್ರ ಅಲ್ಲಿಂದ ಕದಲಲಿಲ್ಲ. ಅವನ ಹಾಸಿಗೆಯ ಕಾಲ ಬಳಿ ನೆಲದ ಮೇಲೆ ಕೂತಿರುತ್ತಿದ್ದರು. ಬಾವು ನಿಧಾನಕ್ಕೆ ಇಳಿಯಿತು. ಒಂದು ಮುಂಜಾನೆ ಡಾಕ್ಟರಮ್ಮ ಮತ್ತೆ ನಳಿಗೆ ಇಳಿಸಿ ನೋಡಿ, ಚಮಚದಲ್ಲಿ ನೀರು ಕೊಟ್ಟು ನೋಡೋಣ ಎಂದರು. ಬೆಚ್ಚಗಿನ ನೀರು, ಒಂದೇ ಚಮಚ, ಕೂರಿಸಿ, ಗದ್ದ ಎದೆಗೆ ತಾಗಿಸಿ ಕೊಡಬೇಕು, ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ನಾನು ಹಾಸಿಗೆಯಿಂದ ಎದ್ದು ಕೂತೆ.

ವಸ್ತಾದರು ನೆಗ್ಗಿದ ತಂಬಿಗೆಯನ್ನು ತೊಳೆದು, ನನ್ನ ಥರ್ಮಾಸಿನ ಬಿಸಿನೀರನ್ನೇ ಅದಕ್ಕೆ ಬಗ್ಗಿಸಿದರು. ಕಿರುಬೆರಳು ಅದ್ದಿ ಬಿಸಿ ನೋಡಿದರು. ಹುಡುಗ ಅವರನ್ನೇ ನೋಡುತ್ತಿದ್ದ. ಕಣದಿಂದ ಬಂದವನಿಗೆ ಮೊದಲ ಗುಟುಕು ಗುರುವಿನ ಕೈಯಿಂದ, ಅದು ಇನ್ನೂ ಅವನಿಗೆ ಸಂದಿರಲಿಲ್ಲ. ವಸ್ತಾದರು ತಂಬಿಗೆ ಹಿಡಿದು ನನ್ನ ಹಾಸಿಗೆಗೆ ಬಂದರು.

“ನೀನ ಕುಡಸು, ಮಾಸ್ತರ.”

ನಾನು ಬೇಡ ಎಂದು ತಲೆ ಆಡಿಸಿದೆ.

“ನನ್ನ ಕೈ ಗಡಬಡಸ್ತಾವು. ನಿನಗ ಗೊತ್ತೈತಿ, ನೀನ ಕುಡಸು.”

ತಂಬಿಗೆ ತೆಗೆದುಕೊಂಡೆ. ವಸ್ತಾದರು ಹಿಂದೆ ಕೂತು ಶಿಷ್ಯನ ಬೆನ್ನಿಗೆ ತಮ್ಮ ಎದೆ ಕೊಟ್ಟರು, ಅಂಗೈಯಿಂದ ಅವನ ಗದ್ದ ಕೆಳಗೆ ಮಾಡಿದರು. ನಾನು ಒಂದು ಚಮಚ ನೀರನ್ನು ಅವನ ನಾಲಿಗೆಯ ಮೇಲೆ ಬಿಟ್ಟೆ. ಅವನು ಕಣ್ಣು ಮುಚ್ಚಿ ನುಂಗಿದ. ಗಂಟಲಿನ ಗಂಟು ಮೇಲೆ ಹೋಯಿತು, ಅಲ್ಲೇ ಒಂದಿಷ್ಟು ನಿಂತು, ಕೆಳಗೆ ಇಳಿಯಿತು. ಕೆಮ್ಮು ಬರುತ್ತದೇನೋ ಎಂದು ಮೂವರೂ ಕಾದೆವು.

ಬರಲಿಲ್ಲ.

ವಸ್ತಾದರು ಅವನ ತಲೆಯ ಹಿಂದೆ ಮುಖ ಮರೆ ಮಾಡಿಕೊಂಡು ಹೇಳಿದರು: “ಇನ್ನೊಂದ್ ಚಮಚಾ ಹಾಕು. ಸಾವಕಾಶ.”